ಮನೆಗೆ ಯಾರು?

ಅವತ್ತು ಹೊಸನಗರದ ನಮ್ಮ ತವರುಮನೆಯ ಜಗಲಿಯಲ್ಲಿ ಯಾರ್ಯಾರು ಕೂತಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾವ ಕಥೆಯೂ ಮುಂದಕ್ಕೆ ಹೋಗುವುದಿಲ್ಲ. ‘ತಡಿ, ಅಲ್ಲಿ ಯಾರ್ಯಾರಿದ್ರು ಹೇಳು ಮೊದ್ಲು’ ಎಂದು ಅಮ್ಮ ಅಲ್ಲೇ ತಡೆಯುತ್ತಾಳೆ.

ಗೋಡೆಗೆ ಒರಗಿ ಅಪ್ಪಯ್ಯ. ಅವರ ಎದುರಿಗೆ ತೀರ್ಥಹಳ್ಳಿಯಿಂದ ಬಂದ ನನ್ನ ತಮ್ಮ ಗಿರೀಶ, ಅವನ ಹೆಂಡತಿ ಸುಮ, ಅವಳ ತೊಡೆಯ ಮೇಲೆ ನಿದ್ದೆಗಣ್ಣಿನ ಮಗು. ಸಾಗರದಿಂದ ನಾವು ಮೂವರು: ನಾನು, ಬಾಡಿಗೆ ವ್ಯಾನ್ ಓಡಿಸುವ ನಮ್ಮನೆಯವರು, ಹೈಸ್ಕೂಲಿನ ಮಗಳು ಸಿಂಚನ. ಸಿಂಚನ ನಡುವೆ ಕೂತು ಮೊಬೈಲ್ ಹಿಡಿದು, ಬೆಂಗಳೂರಿನ ಆಚೆ ಇರುವ ಒಂದು ಥೀಮ್ ಪಾರ್ಕಿನಲ್ಲಿ ನಾವು ಯಾವ ಹೊತ್ತಿಗೆ ಯಾವುದರಲ್ಲಿ ಕೂತು ಕಿರುಚಬೇಕು ಎಂಬುದನ್ನು ಓದಿ ಹೇಳುತ್ತಿದ್ದಳು. ನಮ್ಮ ವಂಶದಲ್ಲೇ ಅಂಥ ಜಾಗಕ್ಕೆ ಇದು ಮೊದಲ ಪ್ರಯಾಣ. ಅಮ್ಮ ಮಾತ್ರ ಜಗಲಿಯಲ್ಲಿ ಇರಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಗಂಗೆಯ ಹಾಲು ಕರೆಯುತ್ತಿದ್ದಳು.

ಮೊನ್ನೆ ತವರಿಗೆ ಹೋದಾಗ ಆ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಹಸಿರು ಸೀರೆಯನ್ನು ಕಂಡೇ ನನಗೆ ಇದೆಲ್ಲ ಮತ್ತೆ ನೆನಪಾದದ್ದು. ಸೀರೆಯ ವಿಷಯ ಇರಲಿ, ಆಮೇಲೆ ಬರುತ್ತದೆ.

ಸಿಂಚನಳ ಓದು ಮುಗಿಯಿತು. ಮೊದಲು ಒಣ ಆಟಗಳು, ಊಟ, ಆಮೇಲೆ ನೀರಿನ ಆಟಗಳು, ಸಂಜೆ ಬಿಸಿಲು ಇಳಿಯುವ ಮುಂಚೆ ಹೊರಡುವುದು. ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು. ಅಪ್ಪಯ್ಯನದು ಪಾತ್ರೆ ಬಾಡಿಗೆ ಅಂಗಡಿ. ಹುಂಚದಿಂದ ಆಗುಂಬೆಯವರೆಗೆ ಎಲ್ಲಿ ಮದುವೆಯಾದರೂ ಅವರ ಕೊಳಗ, ಕಡಾಯಿ, ಹಂಡೆಗಳು ಹೋಗುತ್ತಿದ್ದವು. ಅವುಗಳ ಹಿಂದೆ ಅವರೂ ಹೋಗುತ್ತಿದ್ದರು. ಹೀಗಾಗಿ ಲೋಕದ ಯಾವ ಕಾರ್ಯವನ್ನೂ ಅವರು ನೋಡುವುದು ಪಂಕ್ತಿಯ ಲೆಕ್ಕದಲ್ಲಿ.

“ಮೊದ್ಲನೇ ಪಂಕ್ತಿಗೆ ಮಕ್ಳನ್ನ ಕೂರಿಸ್ಬೇಡಿ,” ಎಂದರು. “ಮಕ್ಳು ಒಂದ್ಸಲ ಕೂತ್ರೆ ಏಳಲ್ಲ. ದೊಡ್ಡೋರು ಮುಗಿಸ್ಲಿ.”

“ಅಜ್ಜ, ಅದು ಊಟ ಅಲ್ಲ, ರೈಡ್!”

“ಎಲ್ಲಾ ಒಂದೇ. ಕೂರೋದು, ಏಳೋದು. ಊಟಕ್ಕೆ ಎಂತ ಮಾಡಿದೀರಿ?”

“ಮಾವ, ಹೊರಗಿನ ಊಟ ಒಳಗೆ ಬಿಡಲ್ಲ,” ಎಂದರು ನಮ್ಮನೆಯವರು.

ಅಪ್ಪಯ್ಯ ಕಣ್ಣು ಬಿಟ್ಟರು. “ಊಟ ಬಿಡದ ಮನೆಗೆ ಎಂತಕೆ ಹೋಗ್ತೀರಿ ಮಾರಾಯ್ರೆ?”

ಇಷ್ಟು ಹೊತ್ತಿಗೆ ಅಮ್ಮ ಹಾಲಿನ ತಂಬಿಗೆ ಹಿಡಿದು ಬಂದಳು. ಬಾಗಿಲಲ್ಲಿ ನಿಂತು, ಯಾರೂ ಕೇಳದೇ ಇದ್ದ ಆ ಪ್ರಶ್ನೆಗೆ ತಾನೇ ಉತ್ತರ ಕೊಟ್ಟಳು. “ನೀವೆಲ್ಲ ಹೋಗ್ಬನ್ನಿ. ಮನೆಗೆ ನಾನಿರ್ತೀನಿ.”

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ. ಮದುವೆ ಇರಲಿ, ಉಪನಯನ ಇರಲಿ, ವರದಮೂಲದ ತೀರ್ಥಸ್ನಾನ ಇರಲಿ, ಹೊರಡುವ ಮಾತು ಬಂದ ಕೂಡಲೇ ಯಾರೋ ಒಬ್ಬರು ‘ಮನೆಗೆ ಯಾರು?’ ಎನ್ನುತ್ತಾರೆ. ನಮ್ಮಲ್ಲಿ ಅದನ್ನು ಕೇಳುವ ರೂಢಿಯೇ ತಪ್ಪಿಹೋಗಿತ್ತು. ಮನೆಗೆ ಅಮ್ಮ. ಯಾಕೆಂದರೆ ಹಸುವಿಗೆ ಅಮ್ಮ. ಗಂಗೆ ಮಲೆನಾಡು ಗಿಡ್ಡ ತಳಿಯದು. ಎತ್ತರ ನನ್ನ ಸೊಂಟದಷ್ಟು, ಕೊಡುವ ಹಾಲು ಒಂದು ತಂಬಿಗೆ, ಗರ್ವ ಮಾತ್ರ ಒಂದು ಹಂಡೆ. ಅಮ್ಮನನ್ನು ಬಿಟ್ಟು ಇನ್ನೊಬ್ಬರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಅದರ ತಾಯಿಯೂ ಹಾಗೇ, ಅಜ್ಜಿಯೂ ಹಾಗೇ.

ನಾವೆಲ್ಲ ದಿಬ್ಬಣದ ಬಸ್ಸಿನಲ್ಲಿ ಕೂತು ಕೈ ಬೀಸುವಾಗ ಅಮ್ಮ ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ ಹಿಡಿದು ಕೊಟ್ಟಿಗೆಯ ಕಡೆ ಹೋಗುತ್ತಿದ್ದಳು. ಅವಳ ಪಾಲಿಗೆ ಎರಡು ಬರುತ್ತಿದ್ದವು. ಒಂದು, ಬಾಳೆಲೆಯಲ್ಲಿ ಕಟ್ಟಿ ತಂದ ಹೋಳಿಗೆ. ಇನ್ನೊಂದು, ನಾನು. ಬಸ್ಸಿಳಿದು ಬಂದವಳನ್ನು ಕಾಲು ತೊಳೆಸಿ ಒಲೆಯ ಹತ್ತಿರ ಕೂರಿಸಿಕೊಂಡು, “ಹೂಂ, ಮೊದ್ಲಿಂದ ಹೇಳು. ಬಸ್ಸಿಳಿದ್ರಿ. ಆಮೇಲೆ?” ಎನ್ನುತ್ತಿದ್ದಳು. ‘ಮದುವೆ ಚೆನ್ನಾಗಿತ್ತು’ ಎಂದರೆ ನಡೆಯುತ್ತಿರಲಿಲ್ಲ. ಬೀಗರು ಎದುರುಗೊಳ್ಳಲು ಎಲ್ಲಿಯವರೆಗೆ ಬಂದರು? ಮದುಮಗಳ ಅತ್ತೆಯ ಮೂಗುತಿ ಯಾವ ಕಡೆ? ಧಾರೆಯ ಹೊತ್ತಿಗೆ ಅಳು ಮೊದಲು ಯಾರಿಗೆ ಬಂತು? ಹೀಗೆ ಅಮ್ಮನಿಗೆ ಒಪ್ಪಿಸಬೇಕಲ್ಲ ಎಂಬ ಭಯದಲ್ಲೇ ನಾನು ಮದುವೆಗಳನ್ನು ಕಣ್ಣರಳಿಸಿ ನೋಡಿದ್ದು. ಇವತ್ತು ಸಾಗರದ ನನ್ನ ಹೊಲಿಗೆ ಅಂಗಡಿಯಲ್ಲಿ ರವಿಕೆ ತಡವಾದರೆ ಗಿರಾಕಿಗಳು ನನ್ನ ಮಿಷನ್ನಿಗೆ ಬೈಯುವುದಿಲ್ಲ, ಬಾಯಿಗೆ ಬೈಯುತ್ತಾರೆ. ಅದರ ಪಾಲು ಸಲ್ಲಬೇಕಾದ್ದು ಅಮ್ಮನಿಗೆ.

ಒಮ್ಮೆ ನಮ್ಮ ಸಂಬಂಧಿಕರಿಬ್ಬರಿಗೆ, ಹುಂಚದ ಒಂದು ಮದುವೆಯಲ್ಲಿ ಬಡಿಸಿದ್ದು ಗಸಗಸೆ ಪಾಯಸವೋ ಕಡ್ಲೆಬೇಳೆ ಪಾಯಸವೋ ಎಂದು ಜಗಳ ಹತ್ತಿತು. ಇಬ್ಬರೂ ಆ ಮದುವೆಯಲ್ಲಿ ಉಂಡವರೇ. ತೀರ್ಮಾನಕ್ಕೆ ಬಂದದ್ದು ಅಲ್ಲಿಗೆ ಹೋಗದೇ ಇದ್ದ ಅಮ್ಮನ ಹತ್ತಿರ. “ಮೊದ್ಲನೇ ಪಂಕ್ತಿಗೆ ಗಸಗಸೆ. ಅದು ಖರ್ಚಾದ ಮೇಲೆ ಕಡ್ಲೆಬೇಳೆ. ನೀನು ಯಾವಾಗ್ಲೂ ಮೊದ್ಲನೇ ಪಂಕ್ತಿಗೇ ನುಗ್ಗೋನು, ನೀನು ಉಂಡದ್ದು ಗಸಗಸೇನೇ,” ಎಂದು ಅಮ್ಮ ಅಕ್ಕಿ ಆರಿಸುತ್ತ ತೀರ್ಪು ಕೊಟ್ಟಳು. ಇಬ್ಬರೂ ಒಪ್ಪಿ ಕಾಫಿ ಕುಡಿದು ಹೋದರು. ಇಂಥ ತಾಯಿಯ ಮಗಳು ನಾನು ಎಂದು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಅಂಥ ಅಮ್ಮ ‘ಮನೆಗೆ ನಾನಿರ್ತೀನಿ’ ಎಂದಾಗ ಎಂದಿನಂತೆ ಎಲ್ಲರೂ ಹೂಂಗುಟ್ಟಬೇಕಿತ್ತು. ನನಗೆ ಏನಾಯಿತೋ, “ಈ ಸಲ ಅಮ್ಮ ಬರದಿದ್ರೆ ನಾನೂ ಬರಲ್ಲ,” ಎಂದುಬಿಟ್ಟೆ. ಮದುವೆಯನ್ನಾದರೂ ಹೇಳಿ ಒಪ್ಪಿಸಬಹುದು. ತಲೆಕೆಳಗಾಗಿ ತಿರುಗುವುದನ್ನು ಒಲೆಯ ಮುಂದೆ ಕೂತು ಹೇಗೆ ಹೇಳುವುದು?

“ಅಮ್ಮಮ್ಮ ಬರ್ಲೇಬೇಕು,” ಎಂದು ಸಿಂಚನ ಮೊಬೈಲ್ ಕೆಳಗಿಟ್ಟಳು. ಅವಳು ಮೊಬೈಲ್ ಕೆಳಗಿಡುವುದೆಂದರೆ ನಮ್ಮಲ್ಲಿ ಸತ್ಯಾಗ್ರಹ ಶುರುವಾದ ಹಾಗೆ.

ಅಮ್ಮ ನಕ್ಕಳು. “ಎಲ್ರೂ ಹೋದ್ರೆ ಬಂದು ಯಾರಿಗೆ ಹೇಳ್ತೀರೇ? ಗೋಡೆಗಾ?”

ಆಗ ಅಪ್ಪಯ್ಯ ಮಾತಾಡಿದರು. ಅಷ್ಟು ಹೊತ್ತೂ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದವರು ತಲೆಯೆತ್ತದೆ, “ನಂಗೆ ಹೇಳಿ. ನಂಗೂ ಎರಡು ಕಿವಿ ಇದಾವೆ. ಮನೆಗೆ ನಾನಿರ್ತೀನಿ,” ಎಂದರು.

ಎಲ್ಲರೂ ಅವರತ್ತ ತಿರುಗಿದೆವು. ಹೊರಗಿನ ಯಾವ ಕಾರ್ಯವನ್ನೂ ಬಿಟ್ಟವರಲ್ಲ ನಮ್ಮ ಅಪ್ಪಯ್ಯ.

“ನೀವಾ?” ಎಂದಳು ಅಮ್ಮ. “ಗಂಗೆ?”

“ಮೂರು ಹೊತ್ತಿನ ಹಾಲು ತಾನೇ? ಐನೂರು ಜನದ ಸಾರು ಇಳಿಸಿದ ಕೈ ಇದು.”

“ಸಾರಿನ ಕೊಳಗ ಒದೆಯಲ್ಲ ಕಣ್ರೀ,” ಎಂದು ಅಮ್ಮ ಒಳಗೆ ಹೋದಳು.

ಹೀಗೆ ನಮ್ಮ ಥೀಮ್ ಪಾರ್ಕಿನ ವೇಳಾಪಟ್ಟಿಯ ಮೊದಲ ಕಾರ್ಯಕ್ರಮ ಕೊಟ್ಟಿಗೆಯಲ್ಲಿ ನಿಗದಿಯಾಯಿತು. ಅಪ್ಪಯ್ಯನಿಗೆ ಗಂಗೆ ಹಾಲು ಕೊಟ್ಟರೆ ಅಮ್ಮ ಬರುವುದು, ಇಲ್ಲದಿದ್ದರೆ ಇಲ್ಲ. ಅಮ್ಮನ ಷರತ್ತು ಅಷ್ಟೇ. ಬೇಸಿಗೆ ರಜೆಯೆಂದು ನಾನೂ ಸಿಂಚನಳೂ ಅಲ್ಲೇ ಉಳಿದೆವು.

ಮೊದಲ ಬೆಳಿಗ್ಗೆ ಅಪ್ಪಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬೀಗರ ಮನೆಗೆ ಹೊರಟವರಂತೆ ಕೊಟ್ಟಿಗೆಗೆ ಹೋದರು. ಗಂಗೆ ತಿರುಗಿ ಅವರನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ತಂಬಿಗೆ ಒಂದು ಕಡೆ, ಅಪ್ಪಯ್ಯ ಇನ್ನೊಂದು ಕಡೆ. ಪಂಚೆಯ ಬಣ್ಣದ ಬಗ್ಗೆ ನಾನು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ. ಮರುದಿನ ಬೆಲ್ಲ ತಿನ್ನಿಸಿದರು. ಬೆಲ್ಲ ತಿಂದು ಒದೆಯಿತು.

“ನನ್ನ ಸೀರೆ ಹೊದ್ಕಳಿ,” ಎಂದಳು ಅಮ್ಮ. “ನನ್ನ ವಾಸನೆ ಇದ್ರೆ ಸುಮ್ನಿರ್ಬಹುದು.”

“ಊರಲ್ಲಿ ನನಗೊಂದು ಮರ್ಯಾದೆ ಇದೆ ಮಾರಾಯ್ತಿ!”

“ಮರ್ಯಾದೆ ಹೊದ್ಕಂಡ್ರೆ ಹಾಲು ಬರಲ್ಲ.”

ಅಪ್ಪಯ್ಯ ಕೊಟ್ಟಿಗೆಯ ಬಾಗಿಲು ಮುಚ್ಚಿಸಿ, ಅಮ್ಮನ ಹಳೆಯ ಹಸಿರು ಸೀರೆಯನ್ನು ತಲೆಯ ಮೇಲಿಂದ ಹೊದ್ದುಕೊಂಡರು. ನಾವು ಅಡುಗೆಮನೆಯ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತೆವು. ಅದೇ ಹೊತ್ತಿಗೆ ಅಂಗಡಿಗೆ ಕಡಾಯಿ ಕೇಳಲು ಬಂದವರೊಬ್ಬರು ಹಿತ್ತಲಿಗೇ ಬಂದು, ಬಾಗಿಲ ಸಂದಿಯಲ್ಲಿ ಹಸಿರು ಸೀರೆ ಕಂಡು, “ಅಮ್ಮಾ, ಯಜಮಾನ್ರು ಇದಾರಾ?” ಎಂದು ಕೇಳಿದರು. ಸೀರೆಯ ಸೆರಗು ಮೂಗಿನವರೆಗೆ ಇಳಿಯಿತು. ಒಳಗಿನಿಂದ ದಪ್ಪ ದನಿಯಲ್ಲಿ, “ಅಂಗಡಿ ಹತ್ರ ಕೂತಿರಿ, ಕಳಿಸ್ತೀನಿ,” ಎಂದು ಕೇಳಿಸಿತು.

ಇತ್ತ ಇನ್ನೊಂದು ರಂಗ ತೆರೆದಿತ್ತು. ನೀರಿಗಿಳಿಯಲು ಸೀರೆ ನಡೆಯುವುದಿಲ್ಲ, ನೈಲಾನ್ ಬಟ್ಟೆಯೇ ಬೇಕು ಎಂದು ಸಿಂಚನ ಪಾರ್ಕಿನ ನಿಯಮ ಓದಿದಳು. ನಾನು ಅಮ್ಮನ ಹಳೆಯ ಹೊಲಿಗೆ ಮಿಷನ್ನಿನ ಧೂಳು ಒರೆಸಿ, ಅವಳಿಗೊಂದು ಉದ್ದ ತೋಳಿನ ಅಂಗಿ, ಪ್ಯಾಂಟ್ ಹೊಲಿದೆ. ಅಳತೆ ತೆಗೆಯಲು ಬಿಡಬೇಕಲ್ಲ! “ಕಾಲು ಎರಡು ಭಾಗ ಆಗ್ಬಾರ್ದು ಮಾರಾಯ್ತಿ, ಏನೋ ಬಿಟ್ಟಂಗಾಗ್ತದೆ” ಎಂಬ ದೂರು. ಹೊಲಿದು ಮುಗಿಸಿ ತೊಡಿಸಿದಾಗ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆದಳು. ಮೂರನೆಯ ಸುತ್ತಿಗೆ ಕೈ ಬೀಸಿ ನಡೆದಳು. ನಲವತ್ತು ತುಂಬಿದ ಮೇಲೂ ಅಮ್ಮ ಒಂದು ಮಾತು ಹೊಗಳಲಿ ಎಂದು ಕಾಯುವ ಜಾತಿ ನಾನು. “ಹೊಲಿಗೆ ಪರವಾಗಿಲ್ಲ,” ಎಂದಳು. ನಮ್ಮ ಮನೆಯಲ್ಲಿ ಅದು ಪದಕಕ್ಕೆ ಸಮ. ಒಟ್ಟಿನಲ್ಲಿ ಆ ವಾರ ಹೊಸನಗರದ ನಮ್ಮ ಮನೆಯಲ್ಲಿ ಅಪ್ಪಯ್ಯ ಸೀರೆ ಹೊದೆಯುತ್ತಿದ್ದರು, ಅಮ್ಮ ಪ್ಯಾಂಟ್ ಹಾಕುತ್ತಿದ್ದಳು.

ಆದರೆ ಹಾಲು? ಸೀರೆ ಹೊದ್ದ ಮೇಲೆ ಗಂಗೆ ಒದೆಯುವುದನ್ನು ನಿಲ್ಲಿಸಿತು, ನಿಜ. ಹಾಲು ಮಾತ್ರ ಬಿಡಲಿಲ್ಲ. ಅಪ್ಪಯ್ಯ ಎಳೆದು ಎಳೆದು ಬೆರಳು ಊದಿಸಿಕೊಂಡರು. ತಂಬಿಗೆಯ ತಳ ಒದ್ದೆಯಾಯಿತೇ ಹೊರತು ಮುಳುಗಲಿಲ್ಲ. ಪಕ್ಕದಲ್ಲಿ ಕರು ಅಪ್ಪಯ್ಯನನ್ನೇ ಕನಿಕರದಿಂದ ನೋಡುತ್ತಿತ್ತು. ಹೊರಡುವ ದಿನ ಹತ್ತಿರ ಬರುತ್ತಿತ್ತು. ಅಮ್ಮ, ನಾನು ಹೊಲಿದ ಬಟ್ಟೆಯನ್ನು ಮಡಚಿ ಪೆಟ್ಟಿಗೆಯ ಮೇಲಿಟ್ಟು, “ಸುಮಂಗೆ ಆಗ್ಬಹುದು ನೋಡೇ, ತೋಳು ಸ್ವಲ್ಪ ಹಿಡಿದ್ರೆ,” ಎಂದಳು. ಆ ಮಾತು ನನಗೆ ಸೂಜಿಯ ಹಾಗೆ ಚುಚ್ಚಿತು.

ಅವತ್ತು ಸಂಜೆ ಅಪ್ಪಯ್ಯ ಸೋತವರಂತೆ ಕೊಟ್ಟಿಗೆಯ ಹೊಸಿಲಲ್ಲಿ ಕೂತು, “ನೀನು ಅದಕ್ಕೆ ಎಂತ ಮಾಡ್ತಿಯೇ? ಮಂತ್ರ ಗಿಂತ್ರ ಇದ್ಯಾ?” ಎಂದು ಕೇಳಿದರು.

ಅಮ್ಮ ಕರುವಿನ ಹಗ್ಗ ಸರಿಮಾಡುತ್ತ, “ಎಂತದೂ ಇಲ್ಲ. ಸ್ವಲ್ಪ ಮಾತಾಡ್ತೀನಿ ಅದ್ರ ಹತ್ರ,” ಎಂದಳು.

“ಎಂತ ಮಾತು?”

“ಎಂತದೋ. ಮದುವೆ ಸುದ್ದಿ.”

ಕೊಟ್ಟಿಗೆಯಿಂದ ದಿನವೂ ಗುಣುಗುಣು ಕೇಳಿ ನಾವೆಲ್ಲ ಅಮ್ಮ ದೇವರ ಹಾಡು ಹೇಳಿಕೊಳ್ಳುತ್ತಾಳೆ ಎಂದೇ ತಿಳಿದಿದ್ದೆವು. ಅಲ್ಲ. ನಾನು ಒಲೆಯ ಮುಂದೆ ಒಪ್ಪಿಸಿದ್ದನ್ನೆಲ್ಲ ಅಮ್ಮ ಮೊದಲು ಗಂಗೆಯ ಅಜ್ಜಿಗೆ, ಆಮೇಲೆ ತಾಯಿಗೆ, ಈಗ ಗಂಗೆಗೆ ಒಪ್ಪಿಸುತ್ತ ಬಂದಿದ್ದಳು. ಮೂರು ತಲೆಮಾರಿನ ಹಸುಗಳು ನಮ್ಮ ಮೂರು ತಾಲ್ಲೂಕಿನ ಮದುವೆಗಳನ್ನು ಕೇಳಿ ಹಾಲು ಬಿಟ್ಟಿದ್ದವು.

“ಅಷ್ಟೇಯಾ?” ಎಂದು ಅಪ್ಪಯ್ಯ ಸೀರೆ ಹೊದ್ದು ಎದ್ದರು. “ನಾನು ನೋಡದ ಮದುವೆ ಯಾವ್ದಿದೆ?” ಕೆಚ್ಚಲ ಬುಡದಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. “ಗಂಗೆ, ಕೇಳು. ಆಗುಂಬೆಯಲ್ಲಿ ಒಂದು ಮದುವೆ ಆತು. ಊಟ ಚೆನ್ನಾಗಿತ್ತು.” ಗಂಗೆ ಕಾಯಿತು. ಅಪ್ಪಯ್ಯನೂ ಕಾದರು. “ಸಾರು ಸ್ವಲ್ಪ ಉಪ್ಪಾಗಿತ್ತು.” ಅಷ್ಟೇ. ಮುಂದೆ ಹೇಳಲು ಅವರಲ್ಲಿ ಏನೂ ಇರಲಿಲ್ಲ. ಮೂರು ತಾಲ್ಲೂಕಿನ ಮದುವೆಗಳಲ್ಲಿ ಕೊಳಗದ ಒಳಗನ್ನು ಬಿಟ್ಟು ಅವರು ಇನ್ನೇನನ್ನೂ ನೋಡಿರಲಿಲ್ಲ.

ನಾವು ನಕ್ಕೆವೆಂದುಕೊಂಡಿರಾ? ನಕ್ಕೆವು. ಆದರೆ ಅಪ್ಪಯ್ಯ ನಗಲಿಲ್ಲ. ಸೀರೆಯನ್ನು ಹೆಗಲಿಗೆ ಇಳಿಸಿ, ಅಮ್ಮನನ್ನು ನೋಡಿ, “ಆ ಆಗುಂಬೆ ಮದುವೇಲಿ ಎಂತ ಆಗಿತ್ತು, ಹೇಳು ನೋಡಣ,” ಎಂದರು.

ಅಮ್ಮ ಹೇಳಿದಳು. ಕರುವಿನ ಹಗ್ಗ ಹಿಡಿದುಕೊಂಡೇ ನಿಂತು ಹೇಳಿದಳು. ಮಂಜು ಎಷ್ಟಿತ್ತೆಂದರೆ, ದಿಬ್ಬಣ ಅಂಗಳಕ್ಕೆ ಬಂದರೂ ಕಾಣದೆ ಹೆಣ್ಣಿನ ಕಡೆಯವರು ಓಲಗದ ಸದ್ದು ಹಿಡಿದು ಎದುರುಗೊಂಡದ್ದು. ಮದುಮಗನ ಅಜ್ಜಿ ತಪ್ಪಿ ಬೇರೆ ಹುಡುಗನ ದೃಷ್ಟಿ ತೆಗೆದದ್ದು. ತಾಳಿ ಕಟ್ಟುವಾಗ ಮಂಜು ಸರಿದು ಅಂಗಳಕ್ಕೆಲ್ಲ ಬಿಸಿಲು ಬಿದ್ದದ್ದು. ಅಪ್ಪಯ್ಯ ಬಾಯಿ ತೆರೆದು ಕೇಳಿದರು. “ಹೌದಾ? ನಾ ಎಲ್ಲಿದ್ದೆ ಆಗ?” “ಹಿತ್ಲಲ್ಲಿ ಹಂಡೆ ತೊಳೆಸ್ತಿದ್ರಿ.” ಆಮೇಲೆ ಅಪ್ಪಯ್ಯ ಗಂಗೆಯ ಕಡೆ ತಿರುಗಿ, ಕೇಳಿದ್ದನ್ನು ತಮ್ಮ ದಪ್ಪ ದನಿಯಲ್ಲಿ, ತಪ್ಪಿದಲ್ಲೆಲ್ಲ ಅಮ್ಮನಿಂದ ತಿದ್ದಿಸಿಕೊಳ್ಳುತ್ತ ಹೇಳಿದರು. ಮಂಜು ಸರಿಯುವ ಹೊತ್ತಿಗೆ ತಂಬಿಗೆಯಲ್ಲಿ ಚೊರ್ ಎಂದು ಸದ್ದಾಯಿತು.

ಸಿಂಚನ ಕಿಟಕಿಯಲ್ಲಿ ಚಪ್ಪಾಳೆ ತಟ್ಟಿದಳು. ನಾನು ಮೂಗು ಒರೆಸಿಕೊಂಡೆ. ಪೆಟ್ಟಿಗೆಯ ಮೇಲಿನ ನೈಲಾನ್ ಬಟ್ಟೆಯನ್ನು ಸುಮಳಿಗೆ ಹಿಡಿಸುವ ಮಾತು ಮತ್ತೆ ಬರಲಿಲ್ಲ.

ಪಾರ್ಕಿನ ದಿನದ ಬಗ್ಗೆ ಬಹಳ ಹೇಳುವುದಿಲ್ಲ, ಅದು ಅಮ್ಮನ ಸ್ವತ್ತು. ಎರಡೇ ಸಂಗತಿ. ಅಪ್ಪಯ್ಯ ನಮ್ಮ ಮಾತು ಕೇಳದೆ ಅಂಗಡಿಯ ಕೊಳಗದಲ್ಲೇ ಚಿತ್ರಾನ್ನ ತುಂಬಿ ವ್ಯಾನಿನಲ್ಲಿ ಇಟ್ಟಿದ್ದರು. ಒಳಗೆ ಬಿಡುವುದಿಲ್ಲವಲ್ಲ, ಗೇಟಿನ ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲೇ ಅಮ್ಮ ಸೌಟು ಹಿಡಿದು ನಿಂತು, ಗದಗಿನ ಕಡೆಯ ಒಂದು ಬಸ್ಸಿನವರನ್ನೂ ಸೇರಿಸಿಕೊಂಡು ಒಂದು ಪಂಕ್ತಿ ಮುಗಿಸಿದಳು. ಸಿಂಚನಳ ವೇಳಾಪಟ್ಟಿ ಅಲ್ಲೇ ಸತ್ತುಹೋಯಿತು. ಎರಡನೆಯದು, ಟಿಕೆಟ್ ತೋರಿಸಿದ ಮೇಲೆ ಹುಡುಗಿಯೊಬ್ಬಳು ಎಲ್ಲರ ಮಣಿಕಟ್ಟಿಗೆ ಹಳದಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದಳು. ಅಮ್ಮ ಬಳೆಗಳನ್ನು ಮೇಲೆ ಸರಿಸಿ, ಎರಡೂ ಕಣ್ಣು ಮುಚ್ಚಿ ಕೈ ಒಡ್ಡಿದಳು. ಸಂಜೆ ನಮ್ಮನೆಯವರು, “ಅತ್ತೆ, ಹೊರಡೋಣ, ದೂರದ ದಾರಿ,” ಎಂದರೆ ಕೈ ಎತ್ತಿ ತೋರಿಸಿದಳು. “ಕಂಕಣ ಕಟ್ಟಿಸ್ಕಂಡಿದೀನಿ. ಕಾರ್ಯ ಮುಗಿಯೋ ತನಕ ಸೀಮೆ ದಾಟ್ಬಾರ್ದು. ನಿಮ್ಗೆ ಅಷ್ಟೂ ಗೊತ್ತಿಲ್ವಾ?” ದೀಪ ಆರಿಸುವವರೆಗೂ ಇದ್ದೆವು. ನೀರಿಗೆ ಧುಮುಕುವ ದೋಣಿಯಲ್ಲಿ ನನ್ನ ಪಕ್ಕ ಕೂತ ಅಮ್ಮ ಮೇಲಿಂದ ಬೀಳುವಾಗ ಕಿರುಚಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದಳು. ಒದ್ದೆ ಮುಖ ಒರೆಸಿಕೊಳ್ಳುತ್ತ, “ಕಣ್ಣು ಮುಚ್ಚಿದ್ರೆ ನಿಮ್ಮಪ್ಪಯ್ಯಂಗೆ ಎಂತ ಹೇಳ್ಲಿ?” ಎಂದಳು.

ಮನೆಗೆ ಬಂದಾಗ ಅಪ್ಪಯ್ಯನ ಪಾಲು ಅವಳ ಚೀಲದಲ್ಲಿತ್ತು. ಗುಲಾಬಿ ಬಣ್ಣದ, ಹತ್ತಿಯಂಥ ಬೊಂಬಾಯಿ ಮಿಠಾಯಿ ತಂದಿದ್ದಳು. ದಾರಿಯಲ್ಲಿ ಅದು ಕರಗಿ ಅಡಿಕೆಯಷ್ಟು ಗಟ್ಟಿಯಾಗಿತ್ತು. ಅಪ್ಪಯ್ಯ ಅದನ್ನು ಬಾಯಿಗೆ ಹಾಕಿಕೊಂಡು, “ಇದ್ರಲ್ಲಿ ಏಲಕ್ಕಿ ಹಾಕಿಲ್ಲ,” ಎಂದರು. ಅಡುಗೆಮನೆಯಲ್ಲಿ ಮೂರು ಹೊತ್ತಿನ ಹಾಲು ಸಾಲಾಗಿ ಮುಚ್ಚಿಟ್ಟಿತ್ತು. ಅಮ್ಮ ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಕಂಠದವರೆಗೆ ತುಂಬಿದ್ದ ಎರಡನೆಯದರ ಮುಚ್ಚಳವನ್ನು ಮತ್ತೊಮ್ಮೆ ತೆಗೆದು ನೋಡಿದಳು.

ಮಳೆಗಾಲ ಕಳೆದು ಲಗ್ನಗಳು ಶುರುವಾದ ಮೇಲೆ ತೀರ್ಥಹಳ್ಳಿಯಲ್ಲಿ ಸುಮಳ ತಂಗಿಯ ಮದುವೆ ಬಂತು. ಕೊಳಗ, ಹಂಡೆಗಳ ಜೊತೆಗೆ ಗಿರೀಶ ಹೋದ. ಅಮ್ಮ ಮಣಿಕಟ್ಟಿನಲ್ಲಿ ಬಣ್ಣ ಮಾಸಿದ ಹಳದಿ ಪಟ್ಟಿಯ ಸಮೇತ, ರೇಷ್ಮೆ ಸೀರೆ ಉಟ್ಟು ದಿಬ್ಬಣದ ಬಸ್ಸಿನ ಕಿಟಕಿಯ ಪಕ್ಕ ಕೂತಳು. ಮಾರನೆಯ ದಿನ ಸಂಜೆ ನಾವು ಮರಳಿ ಬಂದಾಗ ಅಪ್ಪಯ್ಯ ಹಸಿರು ಸೀರೆಯನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆದುಕೊಂಡು ಬಂದರು. ಅಮ್ಮ ಬಾಳೆಲೆಯ ಪೊಟ್ಟಣವನ್ನು ಅವರ ಮುಂದಿಟ್ಟಳು. ಅವರು ಹೋಳಿಗೆ ಮುರಿದುಕೊಂಡು, ಗೋಡೆಗೆ ಒರಗಿ ಕೂತರು.

“ಹೂಂ, ಮೊದ್ಲಿಂದ ಹೇಳು,” ಎಂದರು. “ಬಸ್ಸಿಳಿದ್ರಿ. ಆಮೇಲೆ?”